ಬಾಗಿಲ ಬಳಗ

ಮಾರ್ಚ್ 3, ಸೋಮವಾರ

ಬಾಯಿ ಇರುವಾಗ ಪೆನ್ನು ಯಾಕೆ ಎನ್ನುವ ಜಾಯಮಾನ ನನ್ನದು. ಈಗ ಬಾಯಿಗೆ ಬೀಗ ಬಿದ್ದಿದೆ, ಆದ್ದರಿಂದ ಪೆನ್ನು.

ಶುಕ್ರವಾರ ಗಂಟಲಿನ ಡಾಕ್ಟರು ನನ್ನ ಧ್ವನಿತಂತುಗಳ ಮೇಲೆ ಬೆಳೆದಿದ್ದ ಗಂಟುಗಳನ್ನು ತೆಗೆದರು. ಬಸ್ ನಿಲ್ದಾಣದ ಮೈಕಿನ ಮುಂದೆ ವರ್ಷಗಟ್ಟಲೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಕೂಗಿದ್ದಕ್ಕೆ ಸಿಕ್ಕ ಬಹುಮಾನ. "ಮಾರ್ಚ್ ಮುಗಿಯೋವರೆಗೂ ಒಂದೇ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಗುಡೋದೂ ಬೇಡ, ಅದು ಇನ್ನೂ ಕೆಟ್ಟದ್ದು," ಎಂದರು ಡಾಕ್ಟರು. ಪಕ್ಕದಲ್ಲಿ ನಿಂತಿದ್ದ ನನ್ನ ಯಜಮಾನರು ಗಂಭೀರವಾಗಿ ಮುಖ ಮಾಡಿಕೊಂಡು, "ಬೇಕಾದ್ರೆ ಇನ್ನೊಂದು ತಿಂಗಳು ಸೇರಿಸಿಬಿಡಿ ಡಾಕ್ಟ್ರೇ. ಗುಣ ಆಗೋದು ಮುಖ್ಯ," ಎಂದರು. ಮನೆಗೆ ಬಂದ ಮೇಲೆ ಅವರಿಗೆ ಹೇಳಬೇಕಾದುದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಕನ್ನಡಕ ಸಿಗುತ್ತಿಲ್ಲ ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಮಾರ್ಚ್ 5, ಬುಧವಾರ

ಈ ಮನೆಯಲ್ಲಿ ಒಂದು ತಿಂಡಿ ಮುಗಿಯಲು ಇಷ್ಟು ಹೊತ್ತು ಬೇಕೆಂದು ನನಗೆ ಗೊತ್ತೇ ಇರಲಿಲ್ಲ.

ಅತ್ತೆಗೆ ಚಿಕ್ಕಂದಿನಿಂದಲೂ ಉಗ್ಗು. ವಾಕ್ಯ ಶುರುವಾಗುತ್ತದೆ, ಎಲ್ಲೋ ಒಂದು ಅಕ್ಷರಕ್ಕೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ಮುಂದಕ್ಕೆ ನಾನು ಎತ್ತಿಕೊಂಡು ಮುಗಿಸುತ್ತೇನೆ. ಮದುವೆಯಾಗಿ ಬಂದಾಗಿನಿಂದ ಅದು ನನ್ನ ಪಾಲಿನ ಕೆಲಸ. ಪಾಪ, ಹಿರಿಯರು ಕಷ್ಟಪಡುವುದನ್ನು ನೋಡುತ್ತಾ ಕೂರುವುದಕ್ಕಾಗುತ್ತದೆಯೇ? ನಾನಿಲ್ಲದಾಗ ಇವರು ಮುಗಿಸುತ್ತಾರೆ.

ಇವತ್ತು ಬೆಳಿಗ್ಗೆ ಇವರು ತಮ್ಮ ಲಿಫ್ಟ್ ರಿಪೇರಿ ಕೆಲಸಕ್ಕೆ ಹೊರಟುಹೋದ ಮೇಲೆ ಅತ್ತೆ, "ಆ ಕಿ... ಕಿ..." ಎಂದು ಶುರುಮಾಡಿದರು. ಕಿಟಕಿ ಮುಚ್ಚಬೇಕು, ಗಾಳಿ ಬರುತ್ತಿದೆ, ಅಷ್ಟೇ ತಾನೇ? ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡು ಎದ್ದು ಕಿಟಕಿ ಎಳೆಯಲು ಹೋದೆ. ಅತ್ತೆ ಕೈ ಅಡ್ಡ ಹಿಡಿದರು. ಕಾದೆ. ಬ್ರೆಡ್ಡು ತಣ್ಣಗಾಯಿತು. ಕೊನೆಗೂ ಬಂತು: "ಕಿಟಕಿ ಮುಚ್ಚಬೇಡ ಕಣೇ. ಹೊರಗೆ ಪಾರಿವಾಳ ಮೊಟ್ಟೆ ಇಟ್ಟಿದೆ."

ನೋಡಿದರೆ ನಿಜ, ಎರಡು ಮೊಟ್ಟೆ. ಸದ್ಯ, ಎಳೆದಿದ್ದರೆ ಕೆಳಗೆ ಬಿದ್ದು ಒಡೆದೇಹೋಗುತ್ತಿದ್ದವು.

ಮಾರ್ಚ್ 10, ಸೋಮವಾರ

ಇವತ್ತು ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ಕೊರಿಯರಿನವನು ದೊಡ್ಡದೊಂದು ಪೊಟ್ಟಣ ಹಿಡಿದುಕೊಂಡು ಬಂದ. "ಮೇಡಂ, ತುಕ್ಕು ಲಂಗರು ಅನ್ನೋರು ಇದಾರಾ?" ಎಂದು ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ವಿಳಾಸ ತೋರಿಸಿದ. ನಮ್ಮದೇ ಮನೆ, ನಮ್ಮದೇ ಮಹಡಿ. ನಾನು ಇನ್ನೂ ಜೋರಾಗಿ ತಲೆಯಾಡಿಸಿದೆ, ಕೈಯನ್ನೂ ಬೀಸಿದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಓಡಿಬಂದರು. ಎಪ್ಪತ್ತೆರಡರ ಅತ್ತೆ! ಮಂಡಿನೋವಿನ ಅತ್ತೆ! "ನಾ... ನಾನೇ, ನಾನೇ!" ಎಂದು ಪೊಟ್ಟಣ ಕಿತ್ತುಕೊಂಡು ಎದೆಗವಚಿಕೊಂಡರು.

ಬಿಚ್ಚಿದರೆ ಒಳಗೆ ಕಡುನೀಲಿ ಕೋಟು. ಹಿತ್ತಾಳೆ ಗುಂಡಿ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ. ಹಡಗಿನ ಕ್ಯಾಪ್ಟನ್ನರು ಹಾಕಿಕೊಳ್ಳುವಂಥದ್ದು. ಅತ್ತೆ ನೈಟಿಯ ಮೇಲೆಯೇ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತುಕೊಂಡರು. ಸೊಗಸಾಗಿಯೇ ಕಾಣುತ್ತಿದ್ದರು.

ಸ್ಲೇಟಿನ ಮೇಲೆ ನಾನು ಬರೆದದ್ದು ಇಷ್ಟೇ: "ಏನಿದೆಲ್ಲಾ?!"

ಮಾರ್ಚ್ 11, ಮಂಗಳವಾರ

ವಿಷಯ ಹೀಗಿದೆ. ಹನ್ನೊಂದು ವರ್ಷದ ಹಿಂದೆ ಟಿವಿಯಲ್ಲಿ 'ದೀಪದ ಹಡಗು' ಎಂಬ ಧಾರಾವಾಹಿ ಬರುತ್ತಿತ್ತಂತೆ. ಅದರ ನಾಯಕಿ ಒಬ್ಬ ಹೆಣ್ಣು ಕ್ಯಾಪ್ಟನ್. ಕೊನೆಯ ಕಂತಿನಲ್ಲಿ ನಡುಸಮುದ್ರ, ಮೂರು ದಿನದಿಂದ ಬಿರುಗಾಳಿ, ಅವಳ ಕೋಣೆಯ ಬಾಗಿಲನ್ನು ಯಾರೋ ತಟ್ಟುತ್ತಾರೆ. ಅವಳು ತೆಗೆದು ನೋಡಿ, "ನೀವು..." ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ನೋಡುವವರು ಸಾಕಷ್ಟಿಲ್ಲವೆಂದು ಚಾನೆಲ್‌ನವರು ಮುಂದಿನ ವಾರದಿಂದ ನಿಲ್ಲಿಸಿಬಿಟ್ಟರು.

ನೋಡುತ್ತಿದ್ದ ಕೆಲವರು ಮಾತ್ರ ಅಲ್ಲಿಂದ ಏಳಲೇ ಇಲ್ಲ. ಬಾಗಿಲಾಚೆ ಯಾರಿದ್ದರು ಎಂದು ತಾವೇ ಕಥೆ ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ, ಹಾಡು ಕಟ್ಟುತ್ತಾರೆ. ಎಲ್ಲ ಆನ್‌ಲೈನಿನಲ್ಲೇ. ಹೆಸರು ಬಾಗಿಲ ಬಳಗ. ಕೋಟು ಹೊಲಿದು ಕಳಿಸಿದವಳು ಅದರಲ್ಲೊಬ್ಬ ದರ್ಜಿ. ಎಲ್ಲರನ್ನೂ ಒಟ್ಟುಗೂಡಿಸಿ ನಡೆಸುವವನು ಒಬ್ಬ ಪ್ಲಂಬರ್, ಅಡ್ಡಹೆಸರು ಪಂಪು. ವರ್ಷಕ್ಕೊಮ್ಮೆ ಸೇರಿ, ಆ ವರ್ಷ ಆರಿಸಿದ ಒಂದು ಕಥೆಯನ್ನು ಓದಿಸಿ ಕೇಳುತ್ತಾರೆ. ನಮ್ಮ ಅತ್ತೆ 'ತುಕ್ಕು ಲಂಗರು' ಎಂಬ ಅಡ್ಡಹೆಸರಿನಲ್ಲಿ ವರ್ಷಕ್ಕೊಂದು ಕಥೆ ಬರೆಯುತ್ತಾ ಬಂದಿದ್ದಾರೆ, ನಮಗ್ಯಾರಿಗೂ ಸುಳಿವೇ ಇಲ್ಲ. ಅವರು ಟ್ಯಾಬ್ ಹಿಡಿದು ಕೂತರೆ ನಾವು ಇಸ್ಪೀಟು ಆಡುತ್ತಿದ್ದಾರೆ ಎಂದುಕೊಂಡಿದ್ದೆವು.

ರದ್ದಾದ ಬಸ್ಸಿಗೆ ಹನ್ನೊಂದು ವರ್ಷದಿಂದ ಕಾಯುವ ಪ್ರಯಾಣಿಕರು! ನಾನಾಗಿದ್ದರೆ ಮೈಕಿನಲ್ಲಿ ಎರಡು ಸಲ ಹೇಳಿ ಮನೆಗೆ ಕಳಿಸುತ್ತಿದ್ದೆ.

ಇದನ್ನು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅತ್ತೆಗೆ ಬೇಜಾರಾಗಲಿಲ್ಲ. "ಒಂದು ಸಲ ನೋ... ನೋಡು," ಎಂದರು.

ಮಾರ್ಚ್ 14, ಶುಕ್ರವಾರ

ಎಲ್ಲ ಕಂತನ್ನೂ ನೋಡಿ ಮುಗಿಸಿದೆ. ಹೀಗೆ ಯಾರಾದರೂ ನಿಲ್ಲಿಸುತ್ತಾರಾ? ಆ ಚಾನೆಲ್‌ನವರ ಮನೆ ಹಾಳಾಗ!

ಬಾಗಿಲಾಚೆ ಯಾರು???

ಮಾರ್ಚ್ 16, ಭಾನುವಾರ

ಅತ್ತೆಯ ಹಳೆಯ ಕಥೆಗಳನ್ನೆಲ್ಲ ಓದಿದೆ. ಒಂದರಲ್ಲಿ ಬಾಗಿಲಾಚೆ ಇರುವವನು ಮುಳುಗಿಹೋದನೆಂದುಕೊಂಡಿದ್ದ ಅಪ್ಪ. ಅದಕ್ಕೆ ಅತ್ತುಬಿಟ್ಟೆ. ಇನ್ನೊಂದರಲ್ಲಿ ವಿಮೆ ಏಜೆಂಟ್! ನಡುಸಮುದ್ರದಲ್ಲಿ, ಬಿರುಗಾಳಿಯಲ್ಲಿ, ಫೈಲು ಹಿಡಿದುಕೊಂಡು! ಸದ್ದು ಮಾಡದೆ ನಗುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಸೋಫಾದ ದಿಂಬು ಕಚ್ಚಿಕೊಂಡು ಉರುಳಾಡಿದೆ. ಇವರು ನನಗೇನೋ ಆಯಿತೆಂದು ನೀರು ಚಿಮುಕಿಸಲು ಬಂದರು.

ಅತ್ತೆಯ ಬರವಣಿಗೆ ಹರಿಯುತ್ತದೆ. ಎಲ್ಲೂ ತಡೆಯಿಲ್ಲ. ಇಷ್ಟು ಮಾತು ಈ ಹೆಂಗಸಿನ ಒಳಗೆ ಎಲ್ಲಿತ್ತೋ!

ಬಳಗಕ್ಕೆ ನಾನೂ ಸೇರಿಕೊಂಡೆ. ಅಡ್ಡಹೆಸರು ಬೇಕೆಂದರು. 'ಮೌನ ಮೈಕು' ಎಂದು ಇಟ್ಟುಕೊಂಡೆ. ಸುಮ್ಮನೆ ಕುತೂಹಲಕ್ಕೆ ಸೇರಿದ್ದು, ಅಷ್ಟೇ.

ಮಾರ್ಚ್ 19, ಬುಧವಾರ

ಬಳಗದಲ್ಲಿ ಬೆಂಕಿ ಹಚ್ಚಿದ್ದೇನೆ.

ಯಾರೋ ಬರೆದ ಕಥೆಯಲ್ಲಿ ಬಾಗಿಲು ತಟ್ಟಿದ ಸದ್ದು ಮೊದಲು ಕೇಳಿಸುವುದು ಹಡಗಿನ ಅಡುಗೆಯವನಿಗೆ. ನಾನು ಬರೆದೆ: "ಕ್ಷಮಿಸಿ, ಅಡುಗೆಯವನಿಗೆ ಎಡಗಿವಿ ಕೇಳಿಸುವುದಿಲ್ಲ. ಅವನು ಮಲಗುವುದು ಬಲಮಗ್ಗುಲಿಗೆ. ಸದ್ದು ಹೇಗೆ ಕೇಳಿಸಿತು?" ತಗೋ, ಶುರುವಾಯಿತು. ಹೌದೌದು ಎಂದು ಅರ್ಧ ಜನ. ದಿಂಬಿನ ಮೂಲಕ ಕಂಪನ ಬಂದಿರಬಹುದು ಎಂದು ಇನ್ನರ್ಧ. ಹಡಗಿನ ಗೋಡೆ ಮರದ್ದೋ ಕಬ್ಬಿಣದ್ದೋ ಎಂದು ಇಬ್ಬರು ಬೇರೆಯಾಗಿಯೇ ಜಗಳಕ್ಕೆ ಬಿದ್ದರು. ಊಟಕ್ಕೆ ಕರೆಯುತ್ತಿದ್ದ ಇವರಿಗೆ ಕೈಯಲ್ಲೇ "ಸುಮ್ಮನಿರಿ" ಎಂದೆ.

ಮಾರ್ಚ್ 21, ಶುಕ್ರವಾರ

ಪಂಪು ಕೆಲಸಕ್ಕೆ ರಜೆ ಹಾಕಿ ಎಲ್ಲ ಕಂತನ್ನೂ ಮತ್ತೆ ನೋಡಿದನಂತೆ. ತೀರ್ಪು ಬಂತು. ಅಡುಗೆಯವನು ಕಿವುಡನೆಂದು ಧಾರಾವಾಹಿಯಲ್ಲಿ ಎಲ್ಲೂ ಇಲ್ಲ! ಬದಲಿಗೆ ಒಂದು ಕಡೆ ಅವನು ಬಲಮಗ್ಗುಲಿಗೆ ಮಲಗಿರುವಾಗಲೇ ಕುದಿಯುವ ಕೆಟಲ್ ಸಿಳ್ಳೆ ಹಾಕುತ್ತದೆ, ಅವನು ದಡಬಡಿಸಿ ಏಳುತ್ತಾನೆ. ಹಾಗಾದರೆ ಕಿವುಡು ಬಂದದ್ದೆಲ್ಲಿಂದ? ನಾಲ್ಕನೇ ವರ್ಷದ ತುಕ್ಕು ಲಂಗರು ಕಥೆಯಿಂದ! ಅತ್ತೆ ಹುಟ್ಟಿಸಿದ ಕಿವುಡನ್ನು ಬಳಗದ ಹಳೇ ತಲೆಗಳೂ ಇಷ್ಟು ವರ್ಷ ನಿಜವೆಂದೇ ನಂಬಿಕೊಂಡಿದ್ದರು.

ನಾನು ನಾಚಿ ನೀರಾದೆ. ಆದರೆ ಆಮೇಲೆ ಏನಾಯಿತು ಗೊತ್ತೇ? ಮತಕ್ಕೆ ಹಾಕಿದರು. ಎಲ್ಲರೂ ಒಟ್ಟಾಗಿ ಒಪ್ಪಿದ್ದು: ಧಾರಾವಾಹಿಯವರದು ತಪ್ಪು, ತುಕ್ಕು ಲಂಗರು ಸರಿ, ಕಿವಿ ಕಿವುಡೇ.

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸ್ಲೇಟಿನಲ್ಲಿ ಕೇಳಿದೆ: "ಇಷ್ಟು ಮರ್ಯಾದೆ ಕೊಡುವ ಜನ, ಒಂದು ವರ್ಷವೂ ನೀವು ಕೂಟಕ್ಕೆ ಯಾಕೆ ಹೋಗಿಲ್ಲ?"

ಅತ್ತೆಯ ನಗು ನಿಂತಿತು. ಹೇಳಲು ಹೊರಟರು. ನಾನು ಕಾದೆ. ಕಾಯುವುದಲ್ಲದೆ ಬೇರೇನು ಮಾಡಲಿ?

"ಅಲ್ಲಿ ನಾನು ತು... ತುಕ್ಕು ಲಂಗರು. ಪಟಪಟ ಅಂತ ಮಾತಾಡ್ತೀನಿ. ಇಲ್ಲಿ ಉ... ಉ... ಉಗ್ಗೋ ಮುದುಕಿ. ಇದು ಅವರಿಗೆ ಗೊತ್ತಾಗೋದು ಬೇಡ ಕಣೇ. ನನಗೆ ಇರೋದು ಅದೊಂದೇ ಜಾ... ಜಾಗ."

ಅವರ ಕೈ ಹಿಡಿದುಕೊಂಡು ಕೂತೆ.

ಮಾರ್ಚ್ 27, ಗುರುವಾರ

ಈ ವರ್ಷದ ಕಥೆಯನ್ನು ಅತ್ತೆ ಎಲ್ಲರಿಗಿಂತ ಮೊದಲು ನನಗೆ ಕೊಟ್ಟರು.

ಎಲ್ಲರೂ ಇಷ್ಟು ವರ್ಷ ಬಾಗಿಲಾಚೆ ಯಾರು ಎಂದೇ ತಲೆ ಕೆಡಿಸಿಕೊಂಡಿದ್ದಾರೆ. "ನೀವು" ಆದ ಮೇಲೆ ಕ್ಯಾಪ್ಟನ್ ಯಾಕೆ ನಿಲ್ಲಿಸಿದಳು ಎಂದು ಒಬ್ಬರೂ ಕೇಳಿಲ್ಲ. ಅತ್ತೆ ಕೇಳಿದ್ದಾರೆ. ಬಿರುಗಾಳಿಯಲ್ಲಿ ಮೂರು ದಿನ ಕೂಗಿ ಕೂಗಿ ಅವಳ ದನಿ ಆ ಕ್ಷಣಕ್ಕೆ ಬಿದ್ದುಹೋಯಿತು! ಬಾಗಿಲಲ್ಲಿ ನಿಂತಿರುವವನು ಅದೇ ಅಡುಗೆಯವನು. ಹಡಗಿನಲ್ಲಿ ಅವನ ಮಾತನ್ನು ಯಾರೂ ಪೂರ್ತಿ ಕೇಳಿಸಿಕೊಂಡದ್ದೇ ಇಲ್ಲ, ಕ್ಯಾಪ್ಟನ್ನಳಂತೂ ಅವನು ಬಾಯಿ ತೆರೆಯುವ ಮೊದಲೇ ಆಜ್ಞೆ ಕೊಟ್ಟುಬಿಡುವವಳು. ಈಗ ಅವಳಿಗೆ ಮಾತು ಬರುವುದಿಲ್ಲ. ಅವನು ಹೊಸ್ತಿಲ ಮೇಲೆ ಕೂತು, ನಿಧಾನವಾಗಿ, ಈ ಬಿರುಗಾಳಿಯಿಂದ ಪಾರಾಗುವ ದಾರಿಯನ್ನು ಹೇಳುತ್ತಾನೆ.

ಚೆನ್ನಾಗಿದೆ ಎಂದರೆ ಸಾಲದು, ಅದ್ಭುತವಾಗಿದೆ. ಆದರೆ ನನ್ನ ಗಂಟಲನ್ನು ಹಾಡಹಗಲೇ ಕದ್ದಿದ್ದಾರೆ! ಹಾಗೆಂದು ಬರೆದು ತೋರಿಸಿದರೆ ಅತ್ತೆ ಕಳ್ಳನಗೆ ನಕ್ಕರು. ಕ್ಯಾಪ್ಟನ್ ಸ್ವಲ್ಪ ಬಾಯಿಬಡುಕಿಯಾಗಿದ್ದಾಳೆ, ಅದನ್ನು ಎಲ್ಲಿಂದ ತಂದರೋ ತಿಳಿಯಲಿಲ್ಲ.

ಏಪ್ರಿಲ್ 1, ಮಂಗಳವಾರ

ಅತ್ತೆಯ ಕಥೆ ಆಯ್ಕೆಯಾಯಿತು! ಕೂಟ 13ಕ್ಕೆ. ಪಂಪು ಬರೆದಿದ್ದಾನೆ: "ಹನ್ನೊಂದು ವರ್ಷ ನಾವೆಲ್ಲ ಬಾಗಿಲು ನೋಡಿದೆವು, ಗಂಟಲು ನೋಡಲಿಲ್ಲ. ತುಕ್ಕು ಲಂಗರಿಗೆ ಅಡ್ಡಬಿದ್ದೆ."

ಸಂತೋಷಕ್ಕೆ ನಾನೂ ಅತ್ತೆಯೂ ಹಾಲ್‌ನಲ್ಲಿ ಕೈಕೈ ಹಿಡಿದುಕೊಂಡು ಸುತ್ತು ಹೊಡೆದೆವು. ಆಮೇಲೆ ನಿಯಮ ನೆನಪಾಗಿ ಇಬ್ಬರೂ ದೊಪ್ಪನೆ ಕೂತೆವು. ಕಥೆಯನ್ನು ಬರೆದವರೇ ಓದಬೇಕು, ಇಲ್ಲವೇ ಅವರ ಮನೆಯವರು ಯಾರಾದರೂ ಓದಬೇಕು. ಹೊರಗಿನವರ ಕೈಗೆ ಕೊಡುವುದಿಲ್ಲ. ಓದುವವರು ಬಾರದಿದ್ದರೆ ಆ ವರ್ಷ ಕಥೆಯೇ ಇಲ್ಲ. ಅತ್ತೆ ಸುಮ್ಮನೆ ಬೆರಳು ತೋರಿಸಿದರು. ನನ್ನ ಕಡೆಗೆ.

ಇವರ ಕೈಗೆ ಕೊಡೋಣವೆಂದರೆ, ಲಿಫ್ಟ್ ರಿಪೇರಿಯವರು ಓದಿದರೆ ಹಡಗು ಮೂರನೇ ಮಹಡಿಯಲ್ಲಿ ನಿಂತುಬಿಡುತ್ತದೆ.

ಮಧ್ಯಾಹ್ನ ಡಾಕ್ಟರ ಹತ್ತಿರ ಹೋದೆ. "ಏನಾದ್ರೂ ಮಾತಾಡಿ ನೋಡೋಣ," ಎಂದರು. ತಿಂಗಳಾದ ಮೇಲೆ ಬಾಯಿ ತೆರೆದೆ. ಎಣ್ಣೆ ಕಾಣದ ಕೀಲಿನ ಸದ್ದು ಬಂತು. "ಹೆದರಬೇಡಿ, ದಿನಾ ಸ್ವಲ್ಪ ಸ್ವಲ್ಪ ಮಾತಾಡಿ," ಎಂದರು. 13ರ ಹೊತ್ತಿಗೆ ಸರಿಹೋಗುತ್ತದೆಯೇ ಎಂದು ಕೇಳಿದೆ. "ಗಂಟಲಿಗೆ ಕ್ಯಾಲೆಂಡರ್ ಗೊತ್ತಿರಲ್ಲಮ್ಮಾ," ಎಂದರು. ದೊಡ್ಡ ಜೋಕು ಹೇಳಿದ ಹಾಗೆ!

ಏಪ್ರಿಲ್ 5, ಶನಿವಾರ

ಕೀಲು. ಇನ್ನೂ ಕೀಲೇ.

ಏಪ್ರಿಲ್ 9, ಬುಧವಾರ

ಬಂತು! ಬೆಳಿಗ್ಗೆ ಹಾಲು ಉಕ್ಕಿತು, "ಅಯ್ಯೋ!" ಎಂದೆ. ಪೂರ್ತಿ ದನಿ! ಗಂಟೆ ಹೊಡೆದ ಹಾಗೆ! ಇವರು ಬಾತ್‌ರೂಮಿನಿಂದಲೇ, "ಮುಗೀತು ನನ್ನ ಸುಖದ ದಿನಗಳು," ಎಂದು ಕೂಗಿದರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಸೋಪು ಬಿತ್ತಂತೆ.

ಮಧ್ಯಾಹ್ನ ಕಥೆ ಓದುವ ಅಭ್ಯಾಸ ಶುರುಮಾಡಿದೆವು. ಎರಡು ಸಾಲು ಓದುವಷ್ಟರಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕ್ಯಾಪ್ಟನ್ನಳ ಬಾಯಲ್ಲಿ ಬಸ್ ನಿಲ್ದಾಣ! ಬಿರುಗಾಳಿ ಆರನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತ ಹಾಗಿತ್ತಂತೆ. ಇಷ್ಟು ವರ್ಷದ ಅಭ್ಯಾಸ, ಏನು ಮಾಡಲಿ?

ಅಡುಗೆಯವನು ಮಾತಿಲ್ಲದೆ ನಿಲ್ಲುವ ಜಾಗಕ್ಕೆ ಬಂದಾಗ ಅತ್ತೆ ಕೈ ಎತ್ತಿ, "ಇಲ್ಲಿ ನಿ... ನಿಲ್ಲು," ಎಂದರು. ಒಂದು ಉಸಿರು ನಿಂತು ಮುಂದಕ್ಕೆ ಹೋದೆ. "ಇನ್ನೂ," ಎಂದರು. "ಅತ್ತೆ, ಸುಮ್ಮನಿರೋದನ್ನ ಹೇಗೆ ಓದ್ಲಿ? ಅಲ್ಲಿ ಅಕ್ಷರವೇ ಇಲ್ವಲ್ಲ!" ಎಂದೆ. ಅವರು ಹಾಳೆ ತೆಗೆದುಕೊಂಡು ಆ ಸಾಲನ್ನು ತಾವೇ ಓದಿ ತೋರಿಸಿದರು. ತಡೆಯಿತು, ಸಿಕ್ಕಿಕೊಂಡಿತು, ಬಂತು. ಅಡುಗೆಯವನು ನನ್ನ ಕಣ್ಣೆದುರಿಗೇ ನಿಂತಿದ್ದ. ಹಾಳೆ ವಾಪಸ್ ಕೊಟ್ಟರು. ಆ ಜಾಗವನ್ನು ಇನ್ನೂ ಅಭ್ಯಾಸ ಮಾಡಬೇಕು.

ಏಪ್ರಿಲ್ 13, ಭಾನುವಾರ

ರಾತ್ರಿ ತುಂಬ ಹೊತ್ತಾಗಿದೆ. ಆದರೂ ಬರೆಯಲೇಬೇಕು.

ಕೂಟ ನಡೆದದ್ದು ಈಜುಕೊಳದ ಕಟ್ಟಡದ ಮೇಲಿನ ಕೋಣೆಯಲ್ಲಿ. ಕೆಳಗಿನಿಂದ ಕ್ಲೋರಿನ್ ವಾಸನೆ, ನೀರಿನ ಸದ್ದು. ಬೇಕೆಂದೇ ಆರಿಸಿದ್ದಂತೆ, ಸಮುದ್ರಕ್ಕೆ ಅಷ್ಟಾದರೂ ಹತ್ತಿರವಿರಲಿ ಎಂದು. ಮಾತಾಡುವುದೆಲ್ಲ ನನ್ನ ಪಾಲಿಗೆ ಎಂದು ಮಾತು ಕೊಟ್ಟ ಮೇಲೆಯೇ ಅತ್ತೆ ಬರಲು ಒಪ್ಪಿದ್ದು. ಒಳಗೆ ಹೋದರೆ ಎಲ್ಲೆಲ್ಲೂ ನೀಲಿ ಕೋಟು. ಪಂಪು ಹಳೆಯ ಪೈಪು ತುಂಡುಗಳಿಂದ ಇಡೀ ಹಡಗಿನ ಮಾದರಿ ಮಾಡಿಕೊಂಡು ಬಂದಿದ್ದ, ನಲ್ಲಿ ತಿರುಗಿಸಿದರೆ ದೀಪ ಹತ್ತುತ್ತದೆ! ದರ್ಜಿ ಅತ್ತೆಯ ಕೋಟಿನ ತೋಳನ್ನು ಎಳೆದು ನೋಡಿ, "ಅಳತೆ ಇಲ್ಲದೆ ಹೊಲಿದದ್ದು, ಹೇಗೆ ಕೂತಿದೆ ನೋಡಿ!" ಎಂದು ಹಿಗ್ಗಿದಳು. ಬಂದವರೆಲ್ಲ, "ಕಿವುಡು ಅಡುಗೆಯವನ ಅಮ್ಮ ಇವರೇನಾ?" ಎಂದು ಸುತ್ತುಗಟ್ಟಿದರು. ಅತ್ತೆ ನಗುನಗುತ್ತಾ ಎಲ್ಲರಿಗೂ ತಲೆಯಾಡಿಸಿದರು. ಒಂದು ಮಾತೂ ಆಡಲಿಲ್ಲ. ನಾನೇ ಎಲ್ಲರಿಗೂ, "ಇವತ್ತು ಓದೋದು ನಾನು, ನಮ್ಮತ್ತೆಗೆ ಸ್ವಲ್ಪ ಗಂಟಲು ಸರಿಯಿಲ್ಲ," ಎಂದು ಹೇಳಿಕೊಂಡು ಓಡಾಡಿದೆ.

ಅವರದೊಂದು ಪದ್ಧತಿ ಇದೆ. ವೇದಿಕೆಯ ಮೇಲೆ ನಿಜವಾದ ಬಾಗಿಲೊಂದನ್ನು ಚೌಕಟ್ಟು ಸಮೇತ ನಿಲ್ಲಿಸಿರುತ್ತಾರೆ. ಓದುವವರು ಅದರ ಹಿಂದೆ ನಿಂತು ತಟ್ಟಬೇಕು, ತೆಗೆದು ಹೊಸ್ತಿಲ ಮೇಲೆ ಬರಬೇಕು. ಧಾರಾವಾಹಿ ನಿಂತ "ನೀವು" ಎಂಬ ಮಾತಿನಿಂದಲೇ ಶುರುಮಾಡಬೇಕು.

ಬಾಗಿಲ ಹಿಂದೆ ನಾನೂ ಅತ್ತೆಯೂ ನಿಂತೆವು. ಹಾಳೆ ನನ್ನ ಕೈಯಲ್ಲಿ. ನೀರು ಕುಡಿದೆ, ಕೆಮ್ಮಿದೆ, ತಟ್ಟಲು ಕೈ ಎತ್ತಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಇನ್ನೊಂದು ಕೈಯಿಂದ ಹಾಳೆ ತೆಗೆದುಕೊಂಡರು. ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಬೇಡ," ಎಂದೆ. "ನನ್ನ ದನಿ ಸರಿಹೋಗಿದೆಯಲ್ಲ!"

ಅವರು ತಟ್ಟಿದರು. ಬಾಗಿಲು ತೆಗೆದು ಹೋಗಿಯೇಬಿಟ್ಟರು.

ನಾನು ಪಕ್ಕದಿಂದ ಓಡಿ ಇಳಿದು ಮೊದಲ ಸಾಲಿನಲ್ಲಿದ್ದ ಇವರ ಪಕ್ಕ ಕೂತೆ. ಅತ್ತೆ ಹೊಸ್ತಿಲ ಮೇಲೆ, ಕೋಟು ತೊಟ್ಟುಕೊಂಡು, ಹಾಳೆ ಹಿಡಿದುಕೊಂಡು ನಿಂತಿದ್ದರು. ಕೋಣೆ ತುಂಬ ಜನ. ಬಾಯಿ ತೆರೆದರು.

"ನೀ..."

ಸಿಕ್ಕಿಕೊಂಡಿತು. ಮೊದಲನೆಯ ಮಾತೇ. ಕುತ್ತಿಗೆಯ ನರ ಉಬ್ಬಿತು, ತುಟಿ ಅದುರಿತು. "ನೀ... ನೀ..."

ದೇವರೇ, ಆ ಮಾತು ನನ್ನ ಬಾಯಲ್ಲಿ ಪೂರ್ತಿ ತಯಾರಾಗಿ ಕೂತಿತ್ತು. ನನ್ನ ದನಿ ನನ್ನ ಹತ್ತಿರವೇ ಇತ್ತು, ಗಟ್ಟಿಯಾಗಿ, ಗಂಟೆಯ ಹಾಗೆ. ಪಕ್ಕದಲ್ಲಿ ಇವರು ಬಾಯಿ ತೆರೆಯುವುದು ಕಂಡಿತು. ಅಂಗೈಯಿಂದ ಅವರ ಬಾಯಿ ಮುಚ್ಚಿ ಹಿಡಿದೆ. ನಾನೂ ಹಲ್ಲು ಕಚ್ಚಿಕೊಂಡೆ.

ಸುತ್ತ ನೋಡಿದೆ. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಆ ಮಾತು ಗೊತ್ತು. ಹನ್ನೊಂದು ವರ್ಷದಿಂದ ಅದೇ ಮಾತಿನ ಮುಂದೆ ಕೂತವರು ಅವರು. ಒಬ್ಬರೂ ಹೇಳಿಕೊಡಲಿಲ್ಲ, ಕೆಮ್ಮಲಿಲ್ಲ, ಕುರ್ಚಿ ಸರಿಸಲಿಲ್ಲ. ಪಂಪು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದ. ದರ್ಜಿ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಿದ್ದಳು. ಎಲ್ಲರೂ ಆ ಮಾತು ಬರುವುದನ್ನು ಎದುರು ನೋಡುತ್ತಿದ್ದರು, ಬಂದೇ ಬರುತ್ತದೆ ಎಂಬ ಹಾಗೆ, ಖುಷಿಯಲ್ಲಿ.

"ನೀವು," ಎಂದರು ಅತ್ತೆ.

ಪಂಪು ಅಲ್ಲೇ ಅತ್ತುಬಿಟ್ಟ. ಅತ್ತೆ ಅವನನ್ನು ನೋಡಿದರು, ಉಸಿರೆಳೆದುಕೊಂಡರು, ಮುಂದಿನ ಸಾಲಿಗೆ ಹೋದರು.

ಪೂರ್ತಿ ಕಥೆ ಅವರೇ ಓದಿದರು. ಎಷ್ಟು ಕಡೆ ತಡೆಯಿತೋ ಲೆಕ್ಕ ಇಟ್ಟವರಿಲ್ಲ. ಕ್ಯಾಪ್ಟನ್ನಳ ಮಾತು ಬಂದಾಗ ಜನ ಬಿದ್ದು ಬಿದ್ದು ನಕ್ಕರು, ಅಡುಗೆಯವನು ಸುಮ್ಮನೆ ನಿಂತ ಜಾಗದಲ್ಲಿ ಕೆಳಗಿನ ಕೊಳದ ನೀರು ಕೇಳಿಸುತ್ತಿತ್ತು. ನಡುವೆ ಕೋಣೆಗೆ ಬೀಗ ಹಾಕಲು ಬಂದ ಕಾವಲುಗಾರ ಬೀಗ ಕೈಯಲ್ಲಿ ಹಿಡಿದುಕೊಂಡೇ ಹಿಂದಿನ ಸಾಲಿನಲ್ಲಿ ಕೂತುಬಿಟ್ಟ. ಮುಗಿದಾಗ ಎದ್ದ ಚಪ್ಪಾಳೆಗೆ ಅತ್ತೆ ಬೆದರಿ ಬಾಗಿಲ ಹಿಂದೆ ಹೋಗಿ ಅಡಗಿಕೊಂಡರು, ಜನ ಬಾಗಿಲು ತಟ್ಟಿ ತಟ್ಟಿ ಹೊರಗೆ ಕರೆದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ತಡೆಯಲಾರದೆ ಕೇಳಿದರು. "ಅಮ್ಮಾ, ಇವಳ ಗಂಟಲು ಸರಿಯಾಗಿತ್ತಲ್ಲ. ಯಾಕೆ ಇವಳ ಕೈಲಿ ಓದಿಸಲಿಲ್ಲ?"

ಅತ್ತೆ ಹೇಳಲು ಶುರುಮಾಡಿದರು. ಬಸ್ಸು ಒಂದು ನಿಲ್ದಾಣ ದಾಟಿತು. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು, ಇಬ್ಬರೂ ಸುಮ್ಮನೆ ಕೂತೆವು.

"ಇವಳು ಓದಿದ್ರೆ," ಎಂದರು ಅತ್ತೆ, ಕೋಟಿನ ಗುಂಡಿಯನ್ನು ತಿರುಗಿಸುತ್ತಾ, "ಬೇ... ಬೇಗ ಮುಗಿದುಹೋಗ್ತಿತ್ತು ಕಣೋ."